ಹಸುವಿನಷ್ಟು ಉದ್ದದ ಮೇಣದ ಬತ್ತಿ

ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದ ಕಾಲ. ಮಡಿಕೇರಿಯಲ್ಲೇ ಮಂತ್ರಿಗಳು, ಮಡಿಕೇರಿಯಲ್ಲೇ ವಿಧಾನಸಭೆ. ಆ ದಿನಗಳಲ್ಲಿ ಸುಂಟಿಕೊಪ್ಪದಲ್ಲಿ ತತ್ವಜ್ಞಾನಿ ಅಂತ ಇದ್ದವರು ಒಬ್ಬರೇ, ನಿವೃತ್ತ ಪೋಸ್ಟ್ ಮಾಸ್ಟರ್ ಚಿದಂಬರಯ್ಯನವರು. ಅವರನ್ನು ಹಾಗೆ ಯಾರೂ ಕರೆದಿರಲಿಲ್ಲ, ಅದು ಬೇರೆ ವಿಷಯ. ಕರೆಯದೆ ಇದ್ದುದು ಊರಿನವರ ಅಜ್ಞಾನ ಎಂದು ಅವರು ಉದಾರವಾಗಿ ಕ್ಷಮಿಸಿದ್ದರು.

ಈ ತತ್ವಜ್ಞಾನ ಅವರಿಗೆ ಅಂಟಿಕೊಂಡದ್ದು ಒಂದು ಜನವರಿ ಇಪ್ಪತ್ತಾರರಂದು. ಧ್ವಜ ಹಾರಿಸಿ ಭಾಷಣ ಮಾಡಬೇಕಿದ್ದ ದೊಡ್ಡ ಮನುಷ್ಯರು ಮಡಿಕೇರಿಯಿಂದ ಹೊರಟ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಕಿತ್ತಳೆ ಬುಟ್ಟಿ ಪಕ್ಕಕ್ಕಿಟ್ಟು ಕೂತಿದ್ದ ಜನ ಎದ್ದು ಹೋಗುವುದರಲ್ಲಿದ್ದಾಗ, ಕೋಟು ಹಾಕಿಕೊಂಡಿದ್ದವರು ಇವರೊಬ್ಬರೇ ಎಂಬ ಕಾರಣಕ್ಕೆ ಇವರನ್ನು ಸ್ಟೂಲಿನ ಮೇಲೆ ಹತ್ತಿಸಿದರು. ಹತ್ತಿದವರು ಇಳಿಯಲೇ ಇಲ್ಲ.

"ಮಹಾಜನಗಳೇ! ದೇವರು ಒಬ್ಬನೇ! ವಿಳಾಸ ಬೇರೆ ಬೇರೆ! ಲಕೋಟೆಯ ಮೇಲೆ ಅಲ್ಲಾ ಅಂತ ಬರೆಯಿರಿ, ಯೆಹೋವ ಅಂತ ಬರೆಯಿರಿ, ಈಶ್ವರ ಅಂತ ಬರೆಯಿರಿ, ಬಟವಾಡೆ ಆಗುವುದು ಒಂದೇ ಮನೆಗೆ!"

ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮುಂದಿನ ಸಾಲಿನಲ್ಲಿ ಒತ್ತಾಗಿ ಕೂತಿದ್ದ ಇಬ್ಬರು. ಒಬ್ಬರು ಕಿತ್ತಳೆ, ಕರಿಮೆಣಸಿನ ವ್ಯಾಪಾರಿ ಮಾಪಿಳ್ಳೆ ಮೊಯ್ದು ಕಾಕ. ಇನ್ನೊಬ್ಬರು ಬೇಕರಿಯ ಲಾದ್ರು ಪೊರ್ಬು, ಮಂಗಳೂರು ಕಡೆಯಿಂದ ಬಂದು ನೆಲೆಸಿದ ಕೊಂಕಣಿ ಕ್ರೈಸ್ತರು. ಇಬ್ಬರ ಅಂಗಡಿಗೂ ನಡುವೆ ಒಂದೇ ಗೋಡೆ, ಗೋಡೆಯಲ್ಲಿ ಒಂದು ಕಿಂಡಿ. ಸಂಜೆಯಾದರೆ ಆ ಕಿಂಡಿಯಿಂದ ಈ ಕಡೆಗೆ ಬಿಸಿ ಬನ್ನು ಬರುತ್ತಿತ್ತು, ಆ ಕಡೆಗೆ ಏಲಕ್ಕಿ ಹಾಕಿದ, ಹಾಲಿಲ್ಲದ ಕಟ್ಟನ್ ಚಹಾ ಹೋಗುತ್ತಿತ್ತು. ದೇವರು ಒಬ್ಬನೇ ಎಂದು ಚಪ್ಪಾಳೆ ತಟ್ಟುವುದಕ್ಕೆ ಅವರಿಗೆ ಏನೂ ಖರ್ಚಿರಲಿಲ್ಲ. ಖರ್ಚು ಬಂದದ್ದು ಆಮೇಲೆ, ಹಸು ಕಳೆದುಹೋದ ಮೇಲೆ.

ಚಿದಂಬರಯ್ಯನವರ ಆ ಹಸುವಿನ ಹೆಸರು ಕಪಿಲೆ. ಅದು ತುಂಬು ಗಬ್ಬ. ಕುಶಾಲನಗರದ ಕಡೆಗೆ ಕೊಟ್ಟಿದ್ದ ಮಗಳು ದಮಯಂತಿಯೂ ತುಂಬು ಗರ್ಭಿಣಿ. ಹಸು ಕರು ಹಾಕುವುದಕ್ಕೂ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವುದಕ್ಕೂ ಸರಿಹೋಗುತ್ತದೆ, ಬಾಣಂತಿಗೆ ಹಾಲು ತುಪ್ಪ ಮನೆಯದೇ ಆಗುತ್ತದೆ ಎಂದು ಹೆಂಡತಿ ವೇದಾವತಮ್ಮ ಲೆಕ್ಕ ಹಾಕಿ ಕೂತಿದ್ದರು. ಅಂಥಾ ಹಸು ಒಂದು ಮಧ್ಯಾಹ್ನ ಹಗ್ಗ ಕಿತ್ತುಕೊಂಡು ಹೋದದ್ದು ಸಂಜೆಯಾದರೂ ಬರಲಿಲ್ಲ. ಎಸ್ಟೇಟಿನ ಆಚೆಗೆ ಹುಲಿಯಿದೆ ಎಂದು ಒಬ್ಬರು ಹೇಳಿದರು. ಹುಲಿಗಿಂತ ಮನುಷ್ಯರೇ ಹೆಚ್ಚು ಎಂದು ಇನ್ನೊಬ್ಬರು ಸಮಾಧಾನ ಹೇಳಿದರು.

ಚಿದಂಬರಯ್ಯನವರು ಕೋಟು ಹಾಕಿಕೊಂಡು, ಕೊಡೆ ಹಿಡಿದು, ಧೋತರ ಎತ್ತಿ ಕಟ್ಟಿ ಬೀದಿಗೆ ಓಡಿದರು. ಮೊದಲು ಸಿಕ್ಕಿದ್ದು ಮೊಯ್ದು ಕಾಕನ ಅಂಗಡಿ.

"ಅಯ್ಯೋ ಸಾರೇ, ಗಬ್ಬದ ಹಸುವಾ!" ಎಂದು ಮೊಯ್ದು ಕಾಕ ತಲೆ ಮೇಲೆ ಕೈ ಹೊತ್ತರು. "ಎಮ್ಮೆಮಾಡಿನ ದರ್ಗಕ್ಕೆ ಹರಕೆ ಹೇಳಿ. ಅಲ್ಲಿಯ ಸಂತ ಔಲಿಯಾ ನಮ್ಮ ಪರವಾಗಿ ಕೇಳ್ತಾರೆ, ನಮ್ಮನ್ನ ಹುಟ್ಟಿಸಿದ ಪಡಚ್ಚೋನ್ ಕೊಡ್ತಾನೆ. ನನ್ನ ಮಾತು ನಂಬಿ."

ನಂಬದಿರುವ ಸ್ಥಿತಿಯಲ್ಲಿ ಅವರಿರಲಿಲ್ಲ. ಅಂಗಡಿ ಜಗಲಿಯ ಮೇಲೆ ಎಮ್ಮೆಮಾಡಿನ ದಿಕ್ಕಿಗೆ ತಿರುಗಿ ನಿಂತು, ತುಲಾಭಾರದ ಅಭ್ಯಾಸಬಲದಿಂದ, "ನನ್ನ ತೂಕದಷ್ಟು ಸಕ್ಕರೆ!" ಎಂದುಬಿಟ್ಟರು. ಮೊಯ್ದು ಕಾಕನೇ ಬೆಚ್ಚಿಬಿದ್ದರು. ಒಂದು ಬಟ್ಟಲು ಸಕ್ಕರೆ ಸಾಕಿತ್ತು ಎಂದು ಹೇಳುವಷ್ಟರಲ್ಲಿ ಹರಕೆ ಬಾಯಿಂದ ಹೊರಟುಹೋಗಿತ್ತು.

ಹತ್ತು ಹೆಜ್ಜೆ ಆಚೆ ಲಾದ್ರು ಬೇಕರಿ. ಲಾದ್ರು ಹಿಟ್ಟಿನ ಕೈಯಲ್ಲೇ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. "ಕಳ್ದುಹೋದದ್ದಕ್ಕೆ ಸಂತ ಅಂತೋನಿ ಇದ್ದಾರಲ್ಲ ಮಾರಾಯ್ರೇ! ನನ್ನ ಹೆಂಡತಿಯ ಬೆಂಡೋಲೆ ಸಿಕ್ಕಿದ್ದು ಹಾಗೆಯೇ. ಸಂತರು ನಮಗಾಗಿ ಬೇಡ್ತಾರೆ, ದೇವರು ಕೊಡ್ತಾನೆ. ಹುಷಾರಿಲ್ಲದವರ ಎತ್ತರದ ಮೇಣದ ಬತ್ತಿ ಹರಕೆ ಹೇಳುವ ಕ್ರಮ ಉಂಟು."

"ಹಸುವಿನಷ್ಟು ಉದ್ದದ ಮೇಣದ ಬತ್ತಿ!" ಎಂದರು ಚಿದಂಬರಯ್ಯನವರು. "ಮೂತಿಯಿಂದ ಬಾಲದ ತುದಿವರೆಗೆ!"

ಮನೆಗೆ ಬಂದರೆ ವೇದಾವತಮ್ಮ ಗಣಪತಿಗೆ ಒಂದು ತೆಂಗಿನಕಾಯಿ ಎಂದು ಹೇಳಿಕೊಂಡು, ಕಣ್ಣೊರೆಸಿಕೊಂಡು, ಒಲೆ ಹಚ್ಚುತ್ತಿದ್ದರು.

ಮರುದಿನ ಬೆಳಿಗ್ಗೆ ಎಸ್ಟೇಟಿನ ವಾಚ್‌ಮನ್ ಬೊಮ್ಮ ಕಪಿಲೆಯನ್ನು ಹೊಡೆದುಕೊಂಡು ಬಂದ. ಕೂಲಿ ಲೈನುಗಳ ಹಿಂದಿನ ಜೌಗಿನಲ್ಲಿ ಹಸಿರು ಹುಲ್ಲು ಮೇಯುತ್ತ, ಯಾರ ತತ್ವಜ್ಞಾನಕ್ಕೂ ತಲೆ ಕೆಡಿಸಿಕೊಳ್ಳದೆ ನಿಂತಿತ್ತಂತೆ. ವೇದಾವತಮ್ಮ ಆಗಲೇ, ಆ ನಿಮಿಷದಲ್ಲೇ, ಗಣಪತಿಯ ಗುಡಿಗೆ ಹೋಗಿ ಕಾಯಿ ಒಡೆದು ಬಂದರು. ಬಂದವರೇ ಕೇಳಿದರು:

"ನಿಮ್ಮದು ಯಾವಾಗ?"

ಚಿದಂಬರಯ್ಯನವರು ದಾರ ಹಿಡಿದು ಕೊಟ್ಟಿಗೆಗೆ ಹೋದರು. ಕಪಿಲೆಯ ಮೂತಿಯ ಹತ್ತಿರ ದಾರದ ತುದಿ ಹಿಡಿಯಲು ಬೊಮ್ಮನನ್ನು ನಿಲ್ಲಿಸಿ ಬಾಲದ ಕಡೆ ತಾವು ಹೋದರು. ಹಸು ಬಾಲ ಬೀಸಿ ಕನ್ನಡಕ ಬೀಳಿಸಿತು. ಅಳತೆ ಮುಗಿದಾಗ ದಾರದ ಉದ್ದ ನೋಡಿ ಅವರಿಗೆ ಬವಳಿ ಬಂದಂತಾಯಿತು. ಇಷ್ಟುದ್ದದ ಮೇಣದ ಬತ್ತಿ! ಅದರ ಮೇಲೆ ತಮ್ಮ ತೂಕದ ಸಕ್ಕರೆ! ಕನ್ನಡಕ ಒರೆಸುತ್ತ ನಿಂತಿದ್ದಾಗ, ಗಣರಾಜ್ಯೋತ್ಸವದ ಸ್ಟೂಲು ಕಣ್ಣ ಮುಂದೆ ಬಂತು. ಮುಖ ಬೆಳಗಿತು.

"ವೇದಾ, ನಾವು ಎಂಥಾ ಮೂಢರು! ದೇವರು ಒಬ್ಬನೇ ಆದಮೇಲೆ ಹರಕೆ ಎರಡು ಯಾಕೆ? ಒಬ್ಬನೇ ಆಸಾಮಿಗೆ ಎರಡು ವಿಳಾಸಕ್ಕೆ ತಂತಿ ಕೊಟ್ಟಿದ್ದೇನೆ. ಒಂದಕ್ಕೆ ಉತ್ತರ ಕೊಟ್ಟರೆ ಸಾಕು. ಮೇಣದ ಬತ್ತಿ ಕೊಟ್ಟುಬಿಡುತ್ತೇನೆ, ಅದರಲ್ಲೇ ದರ್ಗದ್ದೂ ಸಂದಾಯ."

ವೇದಾವತಮ್ಮ ಸಗಣಿಯ ಕೈಯನ್ನು ಸೊಂಟದ ಮೇಲಿಟ್ಟುಕೊಂಡರು. "ನಾಳಿದ್ದು ಮಗಳನ್ನ ಕರ್ಕೊಂಡು ಬರ್ಬೇಕು. ತೀರಿಸದ ಹರಕೆ ತಲೆ ಮೇಲಿಟ್ಕೊಂಡು ತುಂಬಿದ ಬಸುರೀನ ಈ ಹೊಸಿಲು ದಾಟಿಸ್ತೀನಾ ನಾನು? ಎರಡೂ ತೀರ್ಸಿ. ತೀರಿಸೋವರೆಗೂ ದಮಯಂತಿ ಈ ಮನೆಗೆ ಬರೋದಿಲ್ಲ."

ಈ ಮಾತನ್ನು ಅವರು ಎಷ್ಟು ಹಗುರವಾಗಿ ತೆಗೆದುಕೊಂಡರೆಂದರೆ, ಕೋಟು ಹಾಕಿಕೊಂಡು, ಇಷ್ಟು ದೊಡ್ಡ ಸತ್ಯವನ್ನು ಮೊಯ್ದು ಕಾಕನಿಗೆ ತಿಳಿಸಿ ಅವರನ್ನೂ ಸಂತೋಷಪಡಿಸಲು ಹೊರಟರು.

ಮೊಯ್ದು ಕಾಕ ಸಂತೋಷಪಡಲಿಲ್ಲ.

"ಎಂಥದ್ದು ಸಾರೇ? ಇಗರ್ಜಿಗೆ ಮೊಂಬತ್ತಿ ಕೊಟ್ರೆ ಎಮ್ಮೆಮಾಡಿನ ಹರಕೆ ತೀರ್ತದಾ? ಇದ್ಯಾವ ಸೀಮೆ ನ್ಯಾಯ?"

"ಕಾಕಾ, ಸಮಾಧಾನ. ದೇವರು ಎಷ್ಟು ಜನ?"

"ಇದೂ ಒಂದು ಕೇಳೋ ಮಾತಾ? ಒಬ್ಬ."

"ಇನ್ನೊಬ್ಬ ಇಲ್ಲವೇ ಇಲ್ಲ?"

"ಅಸ್ತಗ್‌ಫಿರುಲ್ಲಾ! ಇಲ್ಲ!"

"ಇನ್ನೊಬ್ಬ ಇಲ್ಲದ ಮೇಲೆ, ಲಾದ್ರು ಇಗರ್ಜಿಯಲ್ಲಿ ಮಂಡಿಯೂರಿ ಬೇಡುವುದು ಯಾರನ್ನು?"

ಮೊಯ್ದು ಕಾಕ ಬಾಯಿ ತೆರೆದರು. ಬೇರೆ ಒಬ್ಬನನ್ನು ಎನ್ನೋಣವೆಂದರೆ ಬೇರೆ ಒಬ್ಬ ಇಲ್ಲ, ಈಗ ತಾನೇ ಆಣೆ ಮಾಡಿದ ಹಾಗೆ ಹೇಳಿಯಾಗಿದೆ. ಅವನನ್ನೇ ಎನ್ನೋಣವೆಂದರೆ ಸಕ್ಕರೆ ಕೈ ತಪ್ಪುತ್ತದೆ. ಬಾಯಿ ಮುಚ್ಚಿದರು. ಮತ್ತೆ ತೆರೆದಾಗ ಅದರಲ್ಲಿ ಬೆಂಕಿ ಇತ್ತು.

"ಸಾರೇ, ಕರಿಮೆಣಸು ತೂಗೋನ ಹತ್ರ ಮಾತು ತೂಗಬೇಡಿ! ಪಡಚ್ಚೋನ್ ಒಬ್ಬ. ಅವನಿಗೆ ಹೆಂಡತಿಯಿಲ್ಲ, ಮಗ ಇಲ್ಲ, ಪಾಲುದಾರ ಇಲ್ಲ. ಪೊರ್ಬು ಹೇಳೋದು ಬೇರೆ. ಮತ್ತೆ ಹೇಗೆ ಒಂದಾಯ್ತು?"

ಕಿಂಡಿಯಿಂದ ಲಾದ್ರು ಮುಖ ಕಾಣಿಸಿತು. "ಪೊರ್ಬು ಎಂತ ಹೇಳಿದ? ಪೊರ್ಬುವಿನ ಹೆಸರು ಯಾಕೆ ಬಂತು?"

ಚಿದಂಬರಯ್ಯನವರು ಅವರಿಗೂ ಅದೇ ಪ್ರಶ್ನೆ ಹಾಕಿದರು. ದೇವರು ಎಷ್ಟು ಜನ? ಒಬ್ಬ. ಇನ್ನೊಬ್ಬ? ಇಲ್ಲ. ಹಾಗಾದರೆ ಕಾಕ ಪಳ್ಳಿಯಲ್ಲಿ ನಮಾಜಿಗೆ ಹಣೆ ಮುಟ್ಟಿಸುವುದು ಯಾರಿಗೆ? ಲಾದ್ರು ಕಿಂಡಿಯಲ್ಲೇ ಸಿಕ್ಕಿಹಾಕಿಕೊಂಡ ಹಾಗೆ ನಿಂತರು. ಆಮೇಲೆ ವಿಷಯ ಪೂರ್ತಿ ತಿಳಿದಾಗ ಅವರ ಸಿಟ್ಟು ಹೊರಳಿದ್ದು ಮೊಯ್ದು ಕಾಕನ ಮೇಲಲ್ಲ, ಮೇಣದ ಬತ್ತಿಯ ಮೇಲೆ.

"ಒಂದೇ ಬತ್ತಿಯಲ್ಲಿ ಎರಡು ಹರಕೆಯಾ? ಮೂತಿಯಿಂದ ಹೊಟ್ಟೆವರೆಗೆ ಸಂತ ಅಂತೋನಿಗೆ, ಹೊಟ್ಟೆಯಿಂದ ಬಾಲದವರೆಗೆ ಎಮ್ಮೆಮಾಡಿಗೆ, ಹಾಗಾ? ಬಾಲದ ಕಡೆ ಮೊದ್ಲು ಹಚ್ಬೇಕಾ, ಮೂತಿಯ ಕಡೆ ಮೊದ್ಲು ಹಚ್ಬೇಕಾ? ಫಾದರ್ ಕೇಳಿದ್ರೆ ನಾನು ಎಂತ ಹೇಳ್ಲಿ?"

"ನಮ್ಮ ದರ್ಗಕ್ಕೆ ಬಾಲವಾ?" ಎಂದು ಮೊಯ್ದು ಕಾಕ ಕೂಗಿದರು.

"ನಾನು ಕೊಟ್ಟದ್ದಲ್ಲ, ಇವರು ಕೊಟ್ಟದ್ದು!"

"ದೇವರು ಒಬ್ಬನೇ, ಒಪ್ಪುತ್ತೀರೋ ಇಲ್ಲವೋ?" ಎಂದು ಚಿದಂಬರಯ್ಯನವರು ಮಧ್ಯೆ ನಿಂತು ಗರ್ಜಿಸಿದರು.

"ಒಪ್ಪಿದೆ! ಒಬ್ಬನೇ ಅಂದ್ಮೇಲೆ ಕಾಕ ಭಾನುವಾರ ನಮ್ಮ ಇಗರ್ಜಿಗೆ ಬರ್ಲಿ!"

"ನಾ ಯಾಕೆ ಬರ್ಲಿ? ಒಬ್ಬನೇ ಆದ್ರೆ ಪೊರ್ಬು ಶುಕ್ರವಾರ ನಮ್ಮ ಪಳ್ಳಿಗೆ ಬರ್ಲಿ!"

"ನಾನ್ಯಾಕೆ ಬರ್ಬೇಕು?"

ದೇವರು ಒಬ್ಬನೇ ಎಂಬುದರಲ್ಲಿ ಇಬ್ಬರಿಗೂ ಪೂರ್ತಿ ಒಮ್ಮತವಿತ್ತು. ಯಾರು ಯಾರಲ್ಲಿಗೆ ಬರಬೇಕು ಎಂಬುದಷ್ಟೇ ತಕರಾರು. ಆ ಸಂಜೆ ಕಿಂಡಿಯಿಂದ ಬನ್ನು ಬರಲಿಲ್ಲ. ಚಹಾ ಹೋಗಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಮೊಯ್ದು ಕಾಕ ಈ ಕಡೆಯಿಂದ ಕಿಂಡಿಗೆ ಮೆಣಸಿನ ಮೂಟೆ ಅಡ್ಡ ಇಟ್ಟಿದ್ದರು, ಲಾದ್ರು ಆ ಕಡೆಯಿಂದ ಮೈದಾ ಚೀಲ ಒತ್ತಿದ್ದರು.

ಊರು ಸುಮ್ಮನಿರುತ್ತದೆಯೇ? ಬಸ್ ಸ್ಟ್ಯಾಂಡಿನಲ್ಲಿ ಅದೇ ಮಾತು, ಕ್ಷೌರದ ಅಂಗಡಿಯಲ್ಲಿ ಅದೇ ಮಾತು. ಅರ್ಧ ಕ್ಷೌರ ಆದವನು ವಾದಕ್ಕೆ ಎದ್ದು ಹೋಗಿ, ಅರ್ಧ ಗಡ್ಡದಲ್ಲೇ ಪಳ್ಳಿಯ ಮುಸ್ಲಿಯಾರರನ್ನು ಕೇಳಲು ಹೋದ. ಅವರು ಅವನ ಗಡ್ಡವನ್ನು ನೋಡಿ, ಮೊದಲು ಅದನ್ನು ಒಂದು ಮಾಡಿಕೊಂಡು ಬಾ ಎಂದು ಕಳಿಸಿದರು. ಇಗರ್ಜಿಯ ಫಾದರ್ ಹತ್ತಿರ ಹೋದವರಿಗೆ, ಈ ಪ್ರಶ್ನೆಗೆ ತಾನು ಓದುವಾಗ ಒಂದು ವರ್ಷ ಹಿಡಿಯಿತು, ನಿಮಗೆ ಪುರುಸೊತ್ತು ಉಂಟಾ ಎಂಬ ಉತ್ತರ ಸಿಕ್ಕಿತು. ಯಾರಿಗೂ ಪುರುಸೊತ್ತು ಇರಲಿಲ್ಲ. ಜಗಳಕ್ಕೆ ಮಾತ್ರ ಬೇಕಾದಷ್ಟು ಇತ್ತು.

ಕೊನೆಗೆ ಪಾರುಪತ್ಯಗಾರ ನಾಣಯ್ಯನವರು ಮೂವರನ್ನೂ ಕಛೇರಿಗೆ ಕರೆಸಿದರು. ಮೀಸೆಯ ಕೊಡವ ಅಧಿಕಾರಿ. ಕಂದಾಯ ವಸೂಲಿಯ ದಿನಗಳು, ಅವರ ತಲೆ ಮೊದಲೇ ಕಾದಿತ್ತು.

"ಏನು ತಕರಾರು? ಗಡಿಯಾ?"

"ಅಲ್ಲ ಸ್ವಾಮಿ."

"ನೀರಾ? ದಾರಿಯಾ?"

"ಹಸು," ಎಂದರು ಚಿದಂಬರಯ್ಯನವರು.

"ಹಸು ಸಿಕ್ಕಿಲ್ವಾ?"

"ಸಿಕ್ಕಿದೆ ಸ್ವಾಮಿ. ಅದಕ್ಕೇ ತಕರಾರು. ಮುಸಲ್ಮಾನರ ದೇವರೂ ಕ್ರೈಸ್ತರ ದೇವರೂ ಒಬ್ಬನೇ ಹೌದೋ ಅಲ್ಲವೋ, ಸರ್ಕಾರದ ಕಡೆಯಿಂದ ಒಂದು ತೀರ್ಮಾನ ಆಗಬೇಕು."

ನಾಣಯ್ಯನವರ ಮೀಸೆ ಮೇಲಕ್ಕೆ ಹೋಗಿ ಕೆಳಕ್ಕೆ ಬಂತು. "ಎಂಥ ಮಾತಾಡ್ತೀರಿ ಮಾರಾಯ್ರೇ! ನಾನು ಬೆಳಿಗ್ಗೆ ಎದ್ದು ಕಾವೇರಮ್ಮನ್ನ ನೆನೆದು, ಮನೆತನದ ಹಿರಿಯರು ಗುರು ಕಾರಣರನ್ನ ನೆನೆದು, ಕಾಫಿ ಕುಡಿದು ಕೆಲಸಕ್ಕೆ ಬರೋವನು. ದೇವರು ನನ್ನ ನಾಡಿನ ವ್ಯಾಪ್ತಿಗೆ ಬರೋದಿಲ್ಲ. ಮಡಿಕೇರಿಗೂ ಬರೋದಿಲ್ಲ. ಹೊರಡಿ! ಆ ಹಸು ಇನ್ನೊಂದು ಸಲ ಎಸ್ಟೇಟಿಗೆ ನುಗ್ಗಿದ್ರೆ ಮಾತ್ರ ನನ್ನ ವ್ಯಾಪ್ತಿ, ಆಗ ದೊಡ್ಡಿಗೆ ಹಾಕಿಸ್ತೀನಿ!"

ಚಿದಂಬರಯ್ಯನವರಿಗೆ ಭಾರಿ ಅವಮಾನವಾಯಿತು. ಒಂದು ಸರ್ಕಾರ ಅಂತ ಇದ್ದು, ಇಷ್ಟು ಸಣ್ಣ ಪ್ರಶ್ನೆಗೆ ಉತ್ತರ ಇಲ್ಲವೆಂದರೆ ಅದು ಎಂಥಾ ಸರ್ಕಾರ? ಈ ಅವಮಾನದಲ್ಲಿ ಅವರು ಮಗಳನ್ನು ಕರೆತರುವ ದಿನ ಬಂದು ಹೋದದ್ದನ್ನೇ ಮರೆತರು. ಉತ್ತರ ಸಿಗುವವರೆಗೂ ಬತ್ತಿಯೂ ಇಲ್ಲ, ಸಕ್ಕರೆಯೂ ಇಲ್ಲ ಎಂದು ಹಟ ಹಿಡಿದರು. ವೇದಾವತಮ್ಮ ದಿನಾ ರಸ್ತೆ ನೋಡುತ್ತಿದ್ದರು, ಗಂಡನನ್ನು ನೋಡುತ್ತಿದ್ದರು, ಮಾತಾಡುತ್ತಿರಲಿಲ್ಲ. ಮಾತಾಡದ ವೇದಾವತಮ್ಮ ಮಾತಾಡುವ ವೇದಾವತಮ್ಮನಿಗಿಂತ ಅಪಾಯ ಎಂಬುದು ಆ ಬೀದಿಯಲ್ಲಿ ಅವರ ಗಂಡನೊಬ್ಬರಿಗೆ ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಕರೆಯಲು ಯಾರೂ ಬಾರದ್ದನ್ನು ಕಂಡು ದಮಯಂತಿ ತಾನೇ ಬಂದಳು. ಕುಶಾಲನಗರದ ಬಸ್ಸು ಬೇಕರಿಯ ಎದುರು ನಿಂತಿತು. ಕಂಡಕ್ಟರು ಟ್ರಂಕು ಇಳಿಸಿದ. ಅದರ ಹಿಂದೆ, ಒಂದು ಕೈ ಸೊಂಟಕ್ಕೆ ಒಂದು ಕೈ ಬಾಗಿಲಿಗೆ ಕೊಟ್ಟು, ಮುಖ ಕೆಂಪು ಮಾಡಿಕೊಂಡು ಅವಳು ಇಳಿದಳು.

"ಅಪ್ಪ ಎಲ್ಲಿ?" ಎಂದಳು ಲಾದ್ರುವನ್ನು ನೋಡಿ. "ಹೊಟ್ಟೆ ಹೊತ್ತುಕೊಂಡು ಒಬ್ಬಳೇ ಬಸ್ಸಲ್ಲಿ ಬರೋ ಹಾಗಾಯ್ತು. ಅತ್ತೆ ಮನೆಯಲ್ಲಿ ಎಲ್ಲರೂ ಕೇಳ್ತಾರೆ, ನಿಮ್ಮಪ್ಪನಿಗೆ ಮಗಳು ಬೇಡವಾದಳಾ ಅಂತ. ನಾನು ಏನು ಹೇಳ್ಬೇಕು? ಅಪ್ಪ ದೇವರ ಲೆಕ್ಕ ನೋಡ್ತಾ ಇದ್ದಾರೆ ಅಂತಲಾ?"

ಅಷ್ಟು ಹೇಳಿ ಅವಳು ಟ್ರಂಕಿನ ಮೇಲೆಯೇ ಕೂರಲು ಹೋದಳು. ಲಾದ್ರು ಓಡಿ ಹೋಗಿ ಬೆಂಚು ತಂದರು. ಅದೇ ಹೊತ್ತಿಗೆ ಮೊಯ್ದು ಕಾಕ ತಮ್ಮ ಅಂಗಡಿಯಿಂದ ದಿಂಬು ತಂದರು. ಬೆಂಚಿನ ಮೇಲೆ ದಿಂಬು ಇಟ್ಟಾಗ ಇಬ್ಬರ ಕೈಗಳೂ ತಾಗಿದವು. ಇಬ್ಬರೂ ಮುಖ ತಿರುಗಿಸಿಕೊಂಡರು. ಆದರೆ ಕೈ ತೆಗೆಯಲಿಲ್ಲ, ತೆಗೆದರೆ ದಿಂಬು ಬೀಳುತ್ತಿತ್ತು.

ಸುದ್ದಿ ಮನೆ ಮುಟ್ಟಿತು. ವೇದಾವತಮ್ಮ ಒಲೆಗೆ ನೀರು ಹಾಕಿ, ಬಾಗಿಲು ಎಳೆದುಕೊಂಡು ಬಂದು, ಮಗಳ ಪಕ್ಕದಲ್ಲಿ ಬೆಂಚಿನ ಮೇಲೆ ಕೂತರು.

"ಅಮ್ಮಾ, ಮನೆಗೆ ಹೋಗೋಣ."

"ನೀನೂ ಹೋಗೋ ಹಾಗಿಲ್ಲ, ನಾನೂ ಹೋಗೋದಿಲ್ಲ. ಅವರು ಹರಕೆ ತೀರಿಸ್ತೀನಿ ಅನ್ನೋವರೆಗೆ ನಮ್ಮ ಮನೆ ಈ ಬೆಂಚೇ."

ಬೀದಿ ತುಂಬ ಜನ. ಲೈನಿನ ಹೆಂಗಸರು ಕಾಫಿ ಪಿಕ್ಕಿಂಗ್ ಬುಟ್ಟಿ ಇಳಿಸಿ ನಿಂತರು. ಲಾದ್ರುವಿನ ಹೆಂಡತಿ ಬಿಸಿ ಹಾಲು ತಂದಳು. ಮೊಯ್ದು ಕಾಕನ ಮನೆಯಿಂದ ಚಿಪ್ಪು ಬಾಳೆಹಣ್ಣು ಬಂತು. ಕೋಟಿನ ಗುಂಡಿ ಹಾಕಿಕೊಳ್ಳುತ್ತ ಚಿದಂಬರಯ್ಯನವರು ಬಂದಾಗ ಅವರನ್ನು ಎದುರಿಸಿದ್ದು ಮೊಯ್ದು ಕಾಕ, ಲಾದ್ರು ಇಬ್ಬರೂ, ಭುಜಕ್ಕೆ ಭುಜ ಹಚ್ಚಿ.

"ನಾಚಿಕೆ ಆಗೋದಿಲ್ವಾ ಸಾರೇ? ಮಗಳು ಬೀದಿಯಲ್ಲಿ ಕೂತಿದ್ದಾಳೆ!"

"ಸಾಯ್ಬಾ ದೇವಾ! ಇಂಥ ತಂದೆಯನ್ನು ನಾನು ನೋಡ್ಲಿಲ್ಲಪ್ಪ!"

"ನಾನೇನು ಬೇಡ ಎಂದೆನೇ?" ಎಂದು ಚಿದಂಬರಯ್ಯನವರು ಬೆರಳೆತ್ತಿದರು. "ಬೀದಿಯಲ್ಲಿ ಕೂರಿಸಿದವರು ನೀವಿಬ್ಬರು! ನನ್ನ ಪ್ರಶ್ನೆ ಒಂದೇ. ನಿಮ್ಮ ದೇವರೂ ಅವರ ದೇವರೂ ಒಬ್ಬನೇ ಎನ್ನಿ, ಒಂದು ಹರಕೆ ಈ ಕ್ಷಣ ತೀರಿಸುತ್ತೇನೆ. ಬೇರೆ ಎನ್ನಿ, ದೇವರು ಇಬ್ಬರು ಎಂದು ಈ ಬೀದಿಯಲ್ಲಿ ಎಲ್ಲರ ಎದುರು ಒಪ್ಪಿಕೊಳ್ಳಿ, ಎರಡೂ ತೀರಿಸುತ್ತೇನೆ. ಹೇಳಿ! ಯಾವುದು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜನ ಅವರ ಬಾಯಿ ನೋಡಿದರು. ಚಿದಂಬರಯ್ಯನವರು ಗೆದ್ದೆನೆಂದು ಸುತ್ತ ನೋಡಿದರು, ಸ್ಟೂಲು ಒಂದು ಇದ್ದಿದ್ದರೆ ಹತ್ತಿಯೇಬಿಡುತ್ತಿದ್ದರು.

ವೇದಾವತಮ್ಮ ಎದ್ದು ನಿಂತರು.

"ದೇವರು ಒಬ್ಬನೋ, ಇಬ್ಬರೋ, ನಮ್ಮನೆಯ ಹಾಗೆ ಗೂಡು ತುಂಬ ಇದ್ದಾರೋ, ನನಗೆ ಗೊತ್ತಿಲ್ಲ. ನನಗೆ ಗೊತ್ತಿರೋ ಗಂಡ ಮಾತ್ರ ಒಬ್ಬರೇ. ಆ ಒಬ್ಬರು ಆ ಜಗಲಿ ಮೇಲೆ ನಿಂತು ಒಂದು ಸಲ ಮಾತು ಕೊಟ್ಟರು, ಈ ಜಗಲಿ ಮೇಲೆ ನಿಂತು ಇನ್ನೊಂದು ಸಲ ಮಾತು ಕೊಟ್ಟರು. ಕೇಳಿಸಿಕೊಂಡೋರು ಎಷ್ಟು ಜನ ಅಂತ ಊರೆಲ್ಲ ಎಣಿಸ್ತಾ ಇದ್ದೀರಲ್ಲ, ಹೇಳಿದ ಬಾಯಿ ಯಾರದು ಅಂತ ಒಂದು ಸಲನಾದ್ರೂ ನೋಡ್ಕೊಂಡ್ರಾ?"

ಅವರು ಗಂಡನ ಕಡೆ ತಿರುಗಿದರು.

"ಹಸು ಸಿಗದೆ ಅಳೋವಾಗ ದೇವರು ಎರಡು ಕಡೆ ಇದ್ದ. ಸಿಕ್ಕಿದ ಮೇಲೆ ಒಬ್ಬನಾಗಿಬಿಟ್ಟನಾ? ಈ ಇಬ್ಬರು ಹೇಳದೆ ಇರೋ ಉತ್ತರ ನಿಮಗ್ಯಾಕ್ರೀ? ಅವರವರ ದೇವರ ಹತ್ರ ಅವರು ಸುಖವಾಗಿದ್ದರು, ಗೋಡೆಯಲ್ಲಿ ಕಿಂಡಿ ಇಟ್ಕೊಂಡು!"

ಚಿದಂಬರಯ್ಯನವರಿಗೆ ಸಿಟ್ಟು ಬಂತು. ಬಹಳ ಸಿಟ್ಟು ಬಂತು. ಯಾರ ಮೇಲೆ ಎಂದು ಹುಡುಕಿದರು. ಮೊಯ್ದು ಕಾಕನ ಮೇಲೆ ಆಗಲಿಲ್ಲ, ಲಾದ್ರುವಿನ ಮೇಲೆ ಆಗಲಿಲ್ಲ. ಮಗಳ ಮುಖ ನೋಡಿದರು. ಅವಳು ಹಾಲಿನ ಲೋಟ ಹಿಡಿದುಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ಎತ್ತಿದ ಬೆರಳನ್ನು ಕೆಳಗಿಳಿಸಿದರು.

"ಕಾಕಾ," ಎಂದರು. ಸ್ವರ ಸಣ್ಣದಾಗಿತ್ತು. "ತಕ್ಕಡಿ ತೆಗೆಯಿರಿ."

ಕಿತ್ತಳೆ ತೂಗುವ ದೊಡ್ಡ ತಕ್ಕಡಿ ತೊಲೆಯಿಂದ ಇಳಿಯಿತು. ಚಿದಂಬರಯ್ಯನವರು ತಟ್ಟೆಯಲ್ಲಿ ಕೂರುವ ಮೊದಲು ಕೋಟು ಬಿಚ್ಚಲು ಹೋದರು.

"ಕೋಟು ಹಾಕ್ಕೊಂಡೇ 'ನನ್ನ ತೂಕ' ಅಂದಿದ್ದು ಸಾರೇ," ಎಂದರು ಮೊಯ್ದು ಕಾಕ, ಕಟುವಾಗಿ. "ಕೊಡೆಯೂ ಇತ್ತು."

"ಕೊಡೆ ಬಿಟ್ಟುಬಿಡಿ ಕಾಕ," ಎಂದರು ಲಾದ್ರು. ಎಷ್ಟೋ ದಿನಗಳ ಮೇಲೆ ಅವರು ಕಾಕನೊಡನೆ ಆಡಿದ ಮೊದಲ ಮಾತು ಅದು.

ತಟ್ಟೆ ನೆಲ ಬಿಟ್ಟು ಮೇಲೆದ್ದಾಗ ವೇದಾವತಮ್ಮ ಮಗಳ ಕೈ ಹಿಡಿದು ಎಬ್ಬಿಸಿದರು. ಗಂಡ ತಕ್ಕಡಿಯಲ್ಲಿ ತೂಗಾಡುತ್ತಿದ್ದ ಹಾಗೆಯೇ ತಾಯಿ ಮಗಳು ಮನೆಗೆ ಹೋದರು.

ಮೇಣದ ಬತ್ತಿಯನ್ನು ಲಾದ್ರು ತಮ್ಮ ಬೇಕರಿಯಲ್ಲೇ, ಬಿದಿರಿನ ಅಚ್ಚಿನಲ್ಲಿ, ಹಸುವಿನ ದಾರ ಪಕ್ಕದಲ್ಲಿಟ್ಟುಕೊಂಡು ಎರಕ ಹೊಯ್ದರು. ಅದು ಎಷ್ಟು ಉದ್ದವಾಯಿತೆಂದರೆ ಒಬ್ಬರು ಎತ್ತಿದರೆ ಬಾಗುತ್ತಿತ್ತು, ಬಿಸಿಲಿಗೆ ಹಿಡಿದರೆ ಇನ್ನೂ ಬಾಗುತ್ತಿತ್ತು. ಮುಂದೆ ಮೂತಿಯ ತುದಿಯನ್ನು ಲಾದ್ರು ಹಿಡಿದರು, ನಡುವಿನ ಹೊಟ್ಟೆಯನ್ನು ಚಿದಂಬರಯ್ಯನವರು ಹೊತ್ತರು. ಬಾಲದ ತುದಿ ನೆಲಕ್ಕೆ ತಾಗುವುದನ್ನು ನೋಡಲಾರದೆ ಮೊಯ್ದು ಕಾಕ ಅಂಗಡಿಯಿಂದ ಓಡಿ ಬಂದರು.

"ಬಾಲ ನಾನು ಹಿಡಿದದ್ದು ಅಂತ ಯಾರಾದ್ರೂ ಏನಾದ್ರೂ ಅರ್ಥ ಮಾಡಿದ್ರೆ ನೋಡಿ," ಎಂದು ದಾರಿಯುದ್ದಕ್ಕೂ ಎಚ್ಚರಿಸುತ್ತ, ಇಗರ್ಜಿಯ ಮೆಟ್ಟಿಲವರೆಗೂ ಹೊತ್ತರು. ಅಲ್ಲಿಂದ ಮುಂದಕ್ಕೆ ಬಾಲವನ್ನು ಫಾದರ್ ಬಂದು ವಹಿಸಿಕೊಂಡರು. ಬತ್ತಿ ನೆಟ್ಟಗೆ ನಿಲ್ಲದ ಕಾರಣ ಕಂಬಕ್ಕೆ ಕಟ್ಟಿ ಹಚ್ಚಿದರು.

ಮರುದಿನ ಮಡಿಕೇರಿ, ಅಲ್ಲಿಂದ ನಾಪೋಕ್ಲು ಬಸ್ಸು, ಅಲ್ಲಿಂದ ಎಮ್ಮೆಮಾಡಿಗೆ ನಡಿಗೆ. ಸಕ್ಕರೆ ಮೂಟೆಯನ್ನು ಮೊಯ್ದು ಕಾಕ ಸ್ವಲ್ಪ ದೂರ, ಲಾದ್ರು ಸ್ವಲ್ಪ ದೂರ ಹೊತ್ತರು. ಬೆನ್ನಿನ ಮೇಲೆ ತಮ್ಮದೇ ತೂಕ ಬಂದಾಗ ಚಿದಂಬರಯ್ಯನವರು ತಾವು ಇಷ್ಟು ಭಾರ ಎಂದು ಮೊದಲ ಸಲ ತಿಳಿದುಕೊಂಡರು. ದರ್ಗದಲ್ಲಿ ಸಕ್ಕರೆ ಹಂಚಿದಾಗ ಕೈಚಾಚಿದವರಲ್ಲಿ ಎಲ್ಲ ಜಾತಿಯವರೂ ಇದ್ದರು, ಯಾರೂ ಅವರನ್ನು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಅವರಿಗೆ ಅದೇ ಸ್ವಲ್ಪ ಬೇಸರ.

ಹಿಂದಿರುಗಿದ ಮರುದಿನ ಮಧ್ಯಾಹ್ನವೇ ದಮಯಂತಿಗೆ ನೋವು ಶುರುವಾಯಿತು. ಸೂಲಗಿತ್ತಿ ಚೋಮಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊತ್ತು ಸರಿಯಿತು. ಚೋಮಿ ಒಮ್ಮೆ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ ಬಿಸಿನೀರು ಇಸಕೊಂಡು ಹೋದಳು. ಅಂಗಳದಲ್ಲಿ ಚಿದಂಬರಯ್ಯನವರ ಒಂದು ಪಕ್ಕದಲ್ಲಿ ಮೊಯ್ದು ಕಾಕ, ಇನ್ನೊಂದು ಪಕ್ಕದಲ್ಲಿ ಲಾದ್ರು, ಇಬ್ಬರೂ ಅಂಗಡಿ ಮುಚ್ಚಿ ಬಂದಿದ್ದರು. ಒಳಗಿನಿಂದ ಮಗಳ ಕೂಗು ಬಂತು. ಚಿದಂಬರಯ್ಯನವರು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರು. ಆಕಾಶ ನೋಡಿದರು. ಬಾಯಿ ತೆರೆಯಿತು.

"ದೇವರೇ, ಇದೊಂದು ಸಲ..."

"ಅಪ್ಪಾ!" ನೋವಿನ ನಡುವೆಯೇ ಒಳಗಿನಿಂದ ದಮಯಂತಿ ಚೀರಿದಳು. "ಏನಾದ್ರೂ ಕೊಡ್ತೀನಿ ಅಂದ್ರೆ ನೋಡಿ!"

ಚಿದಂಬರಯ್ಯನವರು ಬಾಯಿ ಮುಚ್ಚಿದರು. ಸಕ್ಕರೆ ಎನ್ನಲಿಲ್ಲ, ಮೇಣ ಎನ್ನಲಿಲ್ಲ, ಒಂದು ತೆಂಗಿನಕಾಯಿ ಕೂಡ ಎನ್ನಲಿಲ್ಲ. ಕೊಡುವುದಕ್ಕೆ ಏನೂ ಇಲ್ಲದವರಂತೆ ಬರಿಗೈ ಜೋಡಿಸಿ ನಿಂತರು. ಮೊಯ್ದು ಕಾಕ ಎರಡು ಅಂಗೈ ಮೇಲಕ್ಕೆ ಬಿಚ್ಚಿ ಹಿಡಿದಿದ್ದರು. ಲಾದ್ರು ಕೊರಳಿನ ಶಿಲುಬೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಮೂವರ ತುಟಿಯೂ ಅಲುಗಲಿಲ್ಲ.

ಒಳಗೆ ಮಗು ಅತ್ತಿತು.

"ಕೇಳಿಸಿಕೊಂಡ!" ಎಂದು ಮೂವರೂ ಒಂದೇ ಉಸಿರಿಗೆ ಹೇಳಿದರು. ಯಾರು ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ.

ಬಾಗಿಲು ದಡಾರನೆ ತೆರೆಯಿತು. ವೇದಾವತಮ್ಮ ಬೆವರೊರೆಸಿಕೊಳ್ಳುತ್ತ ಹೊಸಿಲಲ್ಲಿ ನಿಂತು ಮೂವರನ್ನೂ ನೋಡಿದರು. ಅವರ ಮುಖ ಸಿಟ್ಟಿನಿಂದ ಕೆಂಪಾಗಿತ್ತು, ಕಣ್ಣು ತುಂಬಿ ಹರಿಯುತ್ತಿತ್ತು.

"ಏನ್ರೀ ಹಾಗೆ ಗರಬಡಿದವರ ಹಾಗೆ ನಿಂತಿದ್ದೀರಿ? ಮೂರು ಜನ ಗಂಡಸರು ಇದ್ದೀರಿ, ಗಂಡೋ ಹೆಣ್ಣೋ ಅಂತ ಒಬ್ಬರಾದರೂ ಕೇಳಬಾರದಾ?"